ಹಿಂತಿರುಗದವರ ಪಟ್ಟಿ

ಹಿನೆಕ್‌ಗೆ ಪ್ರಶ್ನೆ ಕೇಳುವ ಬಾಯಿ ಇರಲಿಲ್ಲ. ಪದವಿ ಇತ್ತು, ತಲೆಯೂ ತಕ್ಕಮಟ್ಟಿಗೆ ಇತ್ತು. ಆದರೆ ತಿಳಿಯದ್ದನ್ನು ತಿಳಿಯದು ಎಂದು ಹೇಳಬೇಕಾದ ಕಡೆ ಅವನ ಕತ್ತು ತಾನಾಗಿಯೇ ಮೇಲೆ ಕೆಳಗೆ ಆಡುತ್ತಿತ್ತು. ನೋಡಿದವರು ಅದನ್ನು ಒಪ್ಪಿಗೆ ಎಂದುಕೊಳ್ಳುತ್ತಿದ್ದರು.

ಆ ಗುರುವಾರ ಚೆಕ್ ದೇಶದ ಬರ್ನೊ ಊರಿನ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿ ಅವನ ಮೂರು ತಿಂಗಳ ಪರೀಕ್ಷಾವಧಿಯ ಕೊನೆಯ ದಿನ. ಸಂಜೆಯೊಳಗೆ ಯಜಮಾನರು ಒಂದು ಕಾಗದ ಕೈಗಿತ್ತರೆ ಕೆಲಸ ಹೋದ ಹಾಗೆ. ಅವರು ಕಾರಣ ಕೊಡಬೇಕಿಲ್ಲ. ಕಾಗದ ಬಾರದೆ ಸಂಜೆಯಾದರೆ ಕೆಲಸ ಖಾಯಂ. ಯಜಮಾನರಾದ ಇಂಜಿನಿಯರ್ ಓತಕರ್ ಬೆಳಿಗ್ಗೆ ಬಾಗಿಲ ಬಳಿ ಬೂಟು ಬಿಚ್ಚಿ ಆಫೀಸಿನ ಚಪ್ಪಲಿ ಮೆಟ್ಟುತ್ತಲೇ ಹೇಳಿದರು:

"ಮೂರು ಗಂಟೆಗೆ ಪರೀಕ್ಷೆ ಯಂತ್ರಗಳಿಗೆ ಹೊಸ ಕರ್ನಲ್ ಹಾಕ್ತೀವಿ. ಅಷ್ಟರಲ್ಲಿ ಒಂದೂ ಎಚ್ಚರಿಕೆ ಇರಕೂಡದು. ಸೊನ್ನೆ ಅಂದ್ರೆ ಸೊನ್ನೆ. ಗೊತ್ತಾಯ್ತಾ?"

ಹಿನೆಕ್‌ನ ಕತ್ತು ಆಡಿತು.

ಎಚ್ಚರಿಕೆ ಇದ್ದದ್ದು ಒಂದೇ. ಅದನ್ನು ಕೊಟ್ಟದ್ದು ಕಂಪ್ಯೂಟರನ್ನೇ ನಡೆಸುವ ಮೂಲ ಪ್ರೋಗ್ರಾಂ ಆದ ಕರ್ನಲ್ಲಿನ ಯಂತ್ರಭಾಷೆಯನ್ನು ಸಾಲುಸಾಲಾಗಿ ಮೂಸಿ ನೋಡುವ ಒಂದು ತಪಾಸಣೆ ಪ್ರೋಗ್ರಾಂ. ಆಫೀಸಿನಲ್ಲಿ ಅದಕ್ಕೆ 'ಮೂಗು' ಎಂದು ಹೆಸರು. ಫಂಕ್ಷನ್ ಎಂಬ ಒಂದು ಪ್ರೋಗ್ರಾಂ ತುಣುಕು ಇನ್ನೊಂದನ್ನು ಕರೆದರೆ, ಕರೆಸಿಕೊಂಡದ್ದು ಕೆಲಸ ಮುಗಿಸಿ ಕರೆದಲ್ಲಿಗೆ ವಾಪಸ್ ಬರುತ್ತದೆ ಎಂದು ಮೂಗು ನಂಬುತ್ತದೆ. ಆದರೆ ಕೆಲವು ಫಂಕ್ಷನ್‌ಗಳು ಯಂತ್ರವನ್ನೇ ನಿಲ್ಲಿಸಿಬಿಡುತ್ತವೆ. ಅವು ವಾಪಸ್ ಬರುವ ಮಾತೇ ಇಲ್ಲ. ಅಂಥವನ್ನು ಕರೆದ ಮೇಲೆ ಮುಂದೆ ಏನೂ ಬರೆಯಬೇಕಿಲ್ಲ ಎಂದು, ಮನುಷ್ಯರು ಬರೆದದ್ದನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಕೈತೊಳೆದುಕೊಳ್ಳುತ್ತದೆ. ಇದನ್ನು ಮೂಗಿಗೆ ಯಾರೂ ಹೇಳುವುದಿಲ್ಲ. ಹಾಗಾಗಿ ಬಾರದವುಗಳ ಹೆಸರನ್ನೆಲ್ಲ ಮನುಷ್ಯರೇ ಕೈಯಾರೆ ಒಂದು ಪಟ್ಟಿಯಲ್ಲಿ ಬರೆದಿಟ್ಟಿದ್ದರು. ಪಟ್ಟಿಯಲ್ಲಿ ಹೆಸರಿದ್ದರೆ ಮೂಗು ಸುಮ್ಮನಿರುತ್ತದೆ. ಇಲ್ಲದಿದ್ದರೆ ಸೀನುತ್ತದೆ.

ಆ ದಿನದ ಸೀನು ಇಷ್ಟು: 'ಡಿಸ್ಕ್ ನಿಲ್ಲಿಸು' ಎಂಬ ಫಂಕ್ಷನ್ ತನ್ನ ಕೊನೆ ದಾಟಿ ಪಕ್ಕದ ಫಂಕ್ಷನ್ನಿನೊಳಕ್ಕೆ ಬೀಳುತ್ತಿದೆ.

"ಇದಕ್ಯಾಕೆ ಮುಖ ಬಾಡಿಸ್ಕೊಂಡಿದ್ದೀಯಪ್ಪ?" ಎಂದರು ಪಕ್ಕದ ಮೇಜಿನ ಕ್ವೇತಾ. ಕರ್ನಲ್ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಗಸು. "ವಾರದಲ್ಲಿ ಎರಡು ಸಲ ಬರುತ್ತೆ ಇದು. ಪಟ್ಟಿಗೆ ಒಂದು ಹೆಸರು ಸೇರಿಸು, ಊಟಕ್ಕೆ ಹೊರಡು. ಇವತ್ತು ಕ್ಯಾಂಟೀನಲ್ಲಿ ಮಾಂಸದ ಸ್ವಿಚ್ಕೋವಾ ಮಾಡಿದ್ದಾರೆ, ಹನ್ನೆರಡೂವರೆಗೆ ಪಾತ್ರೆ ಖಾಲಿ."

ಯಾರ ಹೆಸರು? ಬೀಳುತ್ತಿರುವವನದೋ, ಬೀಳಿಸಿದವನದೋ? ಹಿನೆಕ್ ಕೇಳಲಿಲ್ಲ. ದೂರು ಯಾರ ಮೇಲಿದೆಯೋ ಅವನ ಹೆಸರೇ ಇರಬೇಕು ಎಂದು 'ಡಿಸ್ಕ್ ನಿಲ್ಲಿಸು'ವನ್ನು ಪಟ್ಟಿಗೆ ಸೇರಿಸಿದ.

ಮೂಗು ಹದಿನೇಳು ಸಲ ಸೀನಿತು.

'ಡಿಸ್ಕ್ ನಿಲ್ಲಿಸು'ವನ್ನು ಕರೆಯುವವರು ಹದಿನೇಳು ಮಂದಿ ಇದ್ದರು. ಇವನು ವಾಪಸ್ ಬರುವುದಿಲ್ಲ ಎಂದಾದ ಮೇಲೆ, ಇವನನ್ನು ಕರೆದ ನಂತರ ಅವರು ಬರೆದುಕೊಂಡದ್ದೆಲ್ಲ ಯಾರೂ ಕಾಲಿಡದ ಕೋಣೆಯಂತಾಯಿತು. ಮೂಗು ಒಂದೊಂದೇ ಕೋಣೆಯ ಬಾಗಿಲಲ್ಲಿ ನಿಂತು, ಇಲ್ಲಿಗೆ ದಾರಿಯೇ ಇಲ್ಲ ಎಂದು ರಂಪ ಮಾಡಿತು.

ಎದುರು ಮೇಜಿನ ಜ್ಬಿನೆಕ್ ಕುರ್ಚಿಯನ್ನು ಉರುಳಿಸಿಕೊಂಡೇ ಬಂದ. ಇನ್ನೊಬ್ಬರ ಪರದೆಯಲ್ಲಿ ಕೆಂಪಕ್ಷರ ಕಂಡರೆ ಅವನಿಗೆ ಹಸಿವೆಯೂ ಮರೆಯುತ್ತಿತ್ತು.

"ಲೋ, ಅವನು ಬಾರದವನಾದ್ರೆ ಅವನನ್ನ ನೆಚ್ಕೊಂಡವರೂ ಬಾರದವರೇ ತಾನೆ? ಆ ಹದಿನೇಳನ್ನೂ ಸೇರಿಸಿಬಿಡು."

ಹಿನೆಕ್ ಸೇರಿಸಿದ. ಇನ್ನೂರ ನಲವತ್ತು ಸೀನು. ಆ ಇನ್ನೂರ ನಲವತ್ತನ್ನೂ ಸೇರಿಸಿದ. ಮೂರು ಸಾವಿರದ ನೂರ ಹನ್ನೆರಡು. ಟ್ರಾಮಿನಲ್ಲಿ ಒಬ್ಬನಿಗೆ ನೆಗಡಿಯಾದರೆ ಸಂಜೆಗೆ ಊರಿಗೆಲ್ಲ ಹಬ್ಬುವ ಹಾಗೆ ಕರ್ನಲ್ಲಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಫಂಕ್ಷನ್‌ಗಳು ಮಲಗುತ್ತಾ ಹೋದವು.

"ಭೇಷ್!" ಎಂದ ಜ್ಬಿನೆಕ್. "ನಾನಿನ್ನು ಊಟಕ್ಕೆ ಹೋಗ್ತೀನಪ್ಪ."

ಹನ್ನೆರಡೂವರೆಗೆ ಅವನು ತುಟಿ ಒರೆಸಿಕೊಳ್ಳುತ್ತಾ ಹಿಂದಿರುಗಿದಾಗ ಹಿನೆಕ್ ಎಲ್ಲ ಅಳಿಸಿ ಮೊದಲಿನ ಒಂದೇ ಎಚ್ಚರಿಕೆಯ ಮುಂದೆ ಕೂತಿದ್ದ. ಆ ಎಚ್ಚರಿಕೆ ಈಗ ಅವನಿಗೆ ಹಳೆಯ ಪರಿಚಯದವರ ಹಾಗೆ ಕಂಡಿತು.

"ಅಸಲಿಗೆ ಈ ಕಾಲದಲ್ಲಿ ಕೈಯಲ್ಲಿ ಪಟ್ಟಿ ಬರೆಯೋದೇ ನಾಚಿಕೆಗೇಡು," ಎಂದ ಜ್ಬಿನೆಕ್. "ಮೂಗಿಗೇ ಕಲಿಸು. ಯಾರು ಬರ್ತಾರೆ, ಯಾರು ಬರಲ್ಲ, ಅದೇ ಕಂಡ್ಹಿಡೀಲಿ. ಓತಕರ್ ಸಾಹೇಬ್ರು ನಿನ್ನ ಹೊತ್ಕೊಂಡು ಕುಣೀತಾರೆ."

ಹಿನೆಕ್ ಎರಡು ತಾಸು ಕೂತು ಕಲಿಸಿದ. ನಿಯಮ ಸರಳವಾಗಿತ್ತು: ವಾಪಸ್ ಬರುತ್ತೇನೆಂದು ಸಾಬೀತು ಮಾಡುವವರೆಗೆ ಎಲ್ಲರೂ ಬಾರದವರೇ. ಕರ್ನಲ್ಲಿನಲ್ಲಿ ಒಬ್ಬರನ್ನೊಬ್ಬರು ಕರೆಯುವ ಜೋಡಿಗಳು ಬೇಕಾದಷ್ಟಿರುತ್ತವೆ. ಅವನು ಬಂದರೆ ನಾನು ಬರುತ್ತೇನೆ ಎಂದಿತು ಒಂದು. ಮೊದಲು ಅವನು ಬರಲಿ ಎಂದಿತು ಇನ್ನೊಂದು. ಬಾಗಿಲಲ್ಲಿ 'ನೀವು ಮೊದಲು, ನೀವು ಮೊದಲು' ಎನ್ನುತ್ತಾ ನಿಂತ ಇಬ್ಬರು ನಿವೃತ್ತ ಮೇಷ್ಟರಂತೆ ಅವು ಅಲ್ಲೇ ಉಳಿದವು. ಅವುಗಳ ಹಿಂದಿನವೂ ಉಳಿದವು. ಕೊನೆಗೆ ಮೂಗು ವರದಿ ಕೊಟ್ಟಿತು: ಕರ್ನಲ್ಲಿನಲ್ಲಿ ನಲವತ್ತೊಂದು ಸಾವಿರ ಫಂಕ್ಷನ್‌ಗಳು ವಾಪಸ್ ಬರುವುದಿಲ್ಲ.

ಹಿನೆಕ್ ಆ ಅಂಕಿಯನ್ನು ಎರಡು ಸಲ ಓದಿದ. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದ. ಎರಡೂ ಮುಕ್ಕಾಲಾಗಿತ್ತು.

"ಅಯ್ಯೋ ದೇವರೇ!" ಕ್ವೇತಾ ಎದ್ದು ಬಂದರು. "ಒಂದು ಹೆಸರು ಸೇರಿಸು ಅಂದ್ರೆ ಇಡೀ ವಂಶಕ್ಕೇ ತಿಥಿ ಮಾಡಿದ್ದೀಯಲ್ಲೋ! ಯಾರನ್ನ ಸೇರಿಸಿದ್ದೆ?"

"'ಡಿಸ್ಕ್ ನಿಲ್ಲಿಸು'... ಕ್ವೇತಾ ಮೇಡಂ."

"ಅವನು ದೂರು ಹೊತ್ತವನಪ್ಪ! ಅವನು ಕೊನೇಲಿ ಯಾರನ್ನ ಕರೀತಾನೆ ನೋಡು. 'ಡಿಸ್ಕ್ ದೂರು ಬರೆ'. ಅದಾದ್ಮೇಲೆ ಏನೂ ಇಲ್ಲ, ಅಂದ್ರೆ ವಾಪಸ್ ಬಾರದವನು ಅವನು. ಅವನನ್ನ ಕರೆಯೋರೂ ಬೇರೆ ಯಾರಿಲ್ಲ. ಹಾಕು ಅವನ ಹೆಸರು."

"ದೂರು ಬರೆಯೋನು ಯಾಕೆ ವಾಪಸ್ ಬರಲ್ಲ?" ಎಂಬ ಮಾತು ಹಿನೆಕ್‌ನ ನಾಲಿಗೆಯವರೆಗೆ ಬಂತು. ಗಡಿಯಾರ ನೋಡಿದ. ಕತ್ತು ಆಡಿತು. ಮೂಗಿಗೆ ಕಲಿಸಿದ್ದನ್ನೆಲ್ಲ ಅಳಿಸಿ, ಎರಡು ಗಂಟೆ ಐವತ್ತೆರಡು ನಿಮಿಷಕ್ಕೆ ಆ ಹೆಸರು ಹಾಕಿದ.

ಮೂಗು ಸೀನಲಿಲ್ಲ. ಸೊನ್ನೆ.

ಓತಕರ್ ಬಂದು ಪರದೆಗೆ ಹಣೆ ತಾಗುವಷ್ಟು ಬಗ್ಗಿ ನೋಡಿದರು. ಮೇಲಂಗಿಯ ಒಳಜೇಬಿನಿಂದ ಮಡಿಸಿದ ಕಾಗದ ತೆಗೆದು, ಎಲ್ಲರ ಎದುರಿಗೇ ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದರು.

"ನಮ್ಮೋನಾದೆ ಕಣಯ್ಯ ನೀನು," ಎಂದು ಕೈ ಕುಲುಕಿದರು. ಹಿನೆಕ್‌ಗೆ ಅಳು ಬರುವಂತಾಯಿತು. ಕ್ವೇತಾ ಡ್ರಾಯರಿನಿಂದ ಸ್ಲಿವೊವಿತ್ಸೆ ಎಂಬ ಪ್ಲಮ್ ಹಣ್ಣಿನ ಬ್ರಾಂದಿಯ ಬಾಟಲಿ ತೆಗೆದು ನಾಲ್ಕು ಪುಟ್ಟ ಲೋಟಗಳಿಗೆ ಬಗ್ಗಿಸಿದರು.

ಮೂರಕ್ಕೆ ಸರಿಯಾಗಿ ಗಾಜಿನ ಗೋಡೆಯಾಚೆ ಹನ್ನೊಂದು ಪರೀಕ್ಷೆ ಯಂತ್ರಗಳು ಹೊಸ ಕರ್ನಲ್ ಹೊತ್ತು ಎದ್ದವು. ಡಿಸ್ಕ್ ಹುಡುಕಿದವು, ಓದಿದವು, ನಿಲ್ಲಿಸಿದವು. ಆಮೇಲೆ ಹನ್ನೊಂದೂ ಒಟ್ಟಿಗೇ ಆರಿ, ಒಟ್ಟಿಗೇ ಹೊತ್ತಿಕೊಂಡವು. ಮತ್ತೆ ಆರಿದವು. ಮತ್ತೆ ಹೊತ್ತಿಕೊಂಡವು.

"ಏನಿದು, ದೀಪಾಲಂಕಾರನಾ?" ಎಂದ ಜ್ಬಿನೆಕ್.

ಕ್ವೇತಾ ಲೋಟ ಕೆಳಗಿಟ್ಟು 'ಡಿಸ್ಕ್ ನಿಲ್ಲಿಸು'ವಿನ ಮೂಲ ಬರಹ ತೆರೆದರು. ಬೆಳಿಗ್ಗೆಯಿಂದ ಅದನ್ನು ಯಾರೂ ತೆರೆದಿರಲಿಲ್ಲ. ಎಲ್ಲರೂ ನೋಡಿದ್ದು ಪಟ್ಟಿಯನ್ನೇ. 'ಡಿಸ್ಕ್ ದೂರು ಬರೆ' ದೂರು ಬರೆದು ಮರ್ಯಾದೆಯಿಂದ ವಾಪಸ್ ಬರುವ ಫಂಕ್ಷನ್ನೇ ಆಗಿತ್ತು. ಆದರೆ ಅದನ್ನು ಕರೆದ ಮುಂದಿನ ಸಾಲಿನಲ್ಲಿ ಯಾರೋ ಕಂಪೈಲರ್‌ಗೆ ಮಾತು ಕೊಟ್ಟಿದ್ದರು: ಇಲ್ಲಿಗೆ ಯಾರೂ ಬರುವುದಿಲ್ಲ. ಹಳೆಯ ಕಂಪೈಲರ್ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಈ ವಾರ ತಂದ ಹೊಸದು ನಂಬಿ, ಮುಂದೇನೂ ಬರೆಯದೆ ಬಿಟ್ಟಿತ್ತು. ಅಲ್ಲಿಂದ ಜಾರಿದರೆ ಬೀಳುವುದು ಪಕ್ಕದ ಫಂಕ್ಷನ್ನಿಗೆ. ಅದರ ಹೆಸರು 'ಯಂತ್ರ ಮರುಚಾಲನೆ'.

"ಅಂದ್ರೆ ಮೂಗು ಬೆಳಿಗ್ಗೆ ಹೇಳಿದ್ದು ನಿಜಾನೇ," ಎಂದರು ಕ್ವೇತಾ ಮೆಲ್ಲಗೆ. "ನಿಜವಾಗ್ಲೂ ಬೀಳ್ತಾ ಇತ್ತು. ಈ ಸಾಲು ಬರೆದದ್ದು... ಒಂಬತ್ತು ವರ್ಷದ ಹಿಂದೆ... ಇಂಜಿನಿಯರ್ ಸಾಹೇಬ್ರೇ, ನಿಮ್ಮ ಹೆಸರಿದೆ."

ಓತಕರ್ ಗಂಟಲು ಸರಿಮಾಡಿಕೊಂಡರು. "ಒಂಬತ್ತು ವರ್ಷ ನೆಟ್ಟಗೇ ನಡೀತಲ್ಲ! ತಪ್ಪಿದ್ರೆ ಹಿಡಿಯೋಕೇ ಅಲ್ವಾ ಮೂಗು ಇಟ್ಟಿರೋದು? ಅದರ ಬಾಯಿ ಮುಚ್ಚಿಸಿದ್ದು ಯಾರು?"

ಕ್ವೇತಾ ಬಾಟಲಿಯ ಮುಚ್ಚಳ ಬಿಗಿ ಮಾಡುವುದರಲ್ಲಿ ಮಗ್ನರಾದರು. ಜ್ಬಿನೆಕ್ ದಾಖಲೆ ತೆರೆದು, ಶಾಲೆಯಲ್ಲಿ ಹಾಜರಿ ಕೂಗುವವನಂತೆ ಓದಿದ: "ಎರಡು ಐವತ್ತೆರಡು. ಹಿನೆಕ್."

"ಆದ್ರೆ ಸಾಹೇಬ್ರೇ, ಕಾಗದ ಹರಿದು ಹಾಕಿದ್ರಲ್ಲ..." ಎಂದ ಹಿನೆಕ್, ಕಸದ ಬುಟ್ಟಿಯನ್ನೇ ನೋಡುತ್ತಾ.

"ಅದು ನನ್ನ ಪ್ರತಿ," ಎಂದರು ಓತಕರ್, ಇನ್ನೊಂದು ಜೇಬಿಗೆ ಕೈ ಹಾಕಿ. "ಇಂಥ ಕಾಗದ ಯಾವತ್ತೂ ಎರಡು ಪ್ರತಿ ಮಾಡೋದು. ಇದು ನಿನ್ನದು. ಇಲ್ಲಿ ಸಹಿ ಹಾಕು."

ಹನ್ನೊಂದು ಯಂತ್ರಗಳಲ್ಲಿದ್ದ ಆರು ದಿನಗಳ ಪರೀಕ್ಷೆಯ ಫಲಿತಾಂಶ ಹೋಯಿತು. ಕೆಲಸ ಒಂದು ಹೋಯಿತು.