ನಫೀಸಳ ಗೇಟು ದಾಟಿದ ಹಾಫ್ ಮ್ಯಾರಥಾನ್

ಕಾರಣವಿಲ್ಲದೆ ಓಡುವ ಮನುಷ್ಯರನ್ನು ನಮ್ಮ ಊರು ನಂಬುವುದಿಲ್ಲ. ಓಡಿದರೆ ಹಿಂದೆ ನಾಯಿ ಇರಬೇಕು, ಇಲ್ಲವೇ ಮುಂದೆ ಬಸ್ಸು ಇರಬೇಕು. ಎರಡೂ ಇಲ್ಲದೆ, ಅರವತ್ತೆಂಟರ ವಯಸ್ಸಿನಲ್ಲಿ, ಎದೆಯ ಮೇಲೆ ನಂಬರಿನ ಚೀಟಿ ಚುಚ್ಚಿಕೊಂಡು ಒಬ್ಬ ಹೆಂಗಸು ಓಡಿದರೆ ಅದು ಆ ಮನೆಯವರ ಗ್ರಹಚಾರವೆಂದೇ ಎಣಿಸುತ್ತಾರೆ. ಆ ಹೆಂಗಸು ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾನ್ವೆಂಟಿನಲ್ಲಿ ಓದಿದವಳು ನೋಡಿ. ಕನ್ಫೆಷನ್ ನಮಗೆ ಹಿಂದೂ ಹುಡುಗಿಯರಿಗೆ ಇರಲಿಲ್ಲವಾದರೂ, ಚಾಪೆಲ್ಲಿನ ಹೊರಗೆ ಗೆಳತಿಯರಿಗಾಗಿ ಕಾಯುತ್ತ ನಿಂತು ನಿಂತು ಅದರ ರುಚಿ ನನಗೂ ಹತ್ತಿತ್ತು.

ಆ ಕಾನ್ವೆಂಟಿನಲ್ಲಿ ನಾನು ಒಳ್ಳೆಯ ರನ್ನರ್. ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ, ಸ್ಪೋರ್ಟ್ಸ್ ಡೇಗೆ ನಾಲ್ಕು ದಿನ ಇರುವಾಗ, ಮನೆಯಲ್ಲಿ ಹುಡುಗಿ ಓಡಿದ್ದು ಸಾಕು ಎಂದರು. ಯಾಕೆ ಎಂದು ಕೇಳುವ ಕ್ರಮ ಆಗ ಇರಲಿಲ್ಲ. ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆಯೆಂದು ಸಿಸ್ಟರ್ ನನ್ನನ್ನು ಶಾಮಿಯಾನದ ಕೆಳಗೆ ಕೂರಿಸಿ ಗೆದ್ದವರ ಹೆಸರು ಬರೆಸಿದರು. ಅದೇ ಹ್ಯಾಂಡ್‌ರೈಟಿಂಗ್ ಮುಂದೆ ವಿದ್ಯಾನಗರದ ಸರಕಾರಿ ಆಫೀಸಿನಲ್ಲಿ ನನ್ನನ್ನು ಮೂವತ್ತು ವರ್ಷ ಕೂರಿಸಿತು. ಓಡಿದ್ದೇನಿದ್ದರೂ ಬಸ್ಸಿನ ಹಿಂದೆ. ಹಾಗಾಗಿ ಊರಲ್ಲೇ ಹಾಫ್ ಮ್ಯಾರಥಾನ್ ನಡೆಯುತ್ತದೆಂಬ ನೋಟೀಸು ಕಂಡಾಗ ಯಾರನ್ನೂ ಕೇಳದೆ ಹೆಸರು ಕೊಟ್ಟುಬಂದೆ. ಗೆಲ್ಲುವ ಹುಚ್ಚೇನೂ ಇರಲಿಲ್ಲ. ಒಮ್ಮೆ, ಒಂದೇ ಒಂದು ಸಲ, ಫಿನಿಶ್ ಗೆರೆಯನ್ನು ನನ್ನ ಕಾಲಲ್ಲೇ ದಾಟಬೇಕಿತ್ತು. ನಮ್ಮ ಮನೆಯವರು ಕನ್ನಡಕದ ಮೇಲಿಂದ ನೋಡಿ, ಅಷ್ಟು ದೂರಕ್ಕೆ ಆಟೋ ಉಂಟಲ್ಲ ಎಂದರು. ಆಮೇಲೆ ಆರು ತಿಂಗಳು ದಿನಾ ಬೆಳಿಗ್ಗೆ ನನಗಿಂತ ಮೊದಲು ಎದ್ದು ಬಾಗಿಲು ತೆಗೆದುಕೊಟ್ಟವರೂ ಅವರೇ.

ಓಟಕ್ಕೆ ಇದ್ದದ್ದು ಒಂದೇ ಕಠಿಣ ನಿಯಮ. ಎಲ್ಲರಿಗಿಂತ ಹಿಂದೆ ಒಂದು ವ್ಯಾನು ಬರುತ್ತದೆ, ಅದರಲ್ಲಿ ಡ್ರೈವರೂ ಒಬ್ಬ ನರ್ಸೂ ಇರುತ್ತಾರೆ. ಆ ವ್ಯಾನು ಯಾರನ್ನು ಹಿಂದೆ ಹಾಕುತ್ತದೋ ಅವರು ಸುಮ್ಮನೆ ಹತ್ತಿ ಕೂರಬೇಕು. ಅವರ ಓಟ ಅಲ್ಲಿಗೆ ಮುಗಿಯಿತು.

ವಿದ್ಯಾನಗರದಿಂದ ಹೊರಟು ಚೆಂಗಳದತ್ತ ಒಂದಿಷ್ಟು ಓಡುತ್ತ, ಉಳಿದದ್ದು ಬೀಸು ನಡಿಗೆಯಲ್ಲಿ ಹೋಗುತ್ತಿದ್ದೆ. ಆಗ ಮುಂದಿದ್ದ ಬಸ್ಸೊಂದು ಗಕ್ಕನೆ ನಿಂತಿತು. ಮೂವತ್ತು ವರ್ಷ ಕೈ ಬೀಸಿ ಓಡಿದರೂ ನಿಲ್ಲದೆ ಹೋದ ಬಸ್ಸುಗಳ ಜಾತಿಯದೇ ಅದು. ಕಂಡಕ್ಟರ್ ಬಾಗಿಲಲ್ಲಿ ನಿಂತು ಕೈ ಚಾಚಿದ. ನಾನು ಬಸ್ಸಿಗಾಗಿ ಓಡುತ್ತಿಲ್ಲ, ಸುಮ್ಮನೆ ಓಡುತ್ತಿದ್ದೇನೆ ಎಂದೆ.

"ಸುಮ್ಮನೆ ಓಡುದಾ?" ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸೀಟು ಉಂಟಮ್ಮ, ಹತ್ತಿ."

ಸೀಟೂ ಉಂಟಂತೆ! ಕಾನ್ವೆಂಟಿನ ಮ್ಯಾನರ್ಸ್ ಬಿಡಬೇಕಲ್ಲ. ಸಾರಿ ಹೇಳಿ, ಥ್ಯಾಂಕ್ಸ್ ಹೇಳಿ, ಎದೆಯ ನಂಬರಿನ ಅರ್ಥ ಬಿಡಿಸಿ ಹೇಳುವಷ್ಟರಲ್ಲಿ ಮೂರು ನಿಮಿಷ ಹೋಯಿತು. ಬಸ್ಸು ಹೊರಟಾಗ ಕಿಟಕಿಗಳಲ್ಲೆಲ್ಲ ಅಯ್ಯೋ ಪಾಪ ಎನ್ನುವ ಮುಖಗಳು.

ಆದರೆ ನಿಜವಾದ ಕಂಟಕ ಕಾದಿದ್ದದ್ದು ವಾಪಸು ಬರುವಾಗ, ನಾಯ್ಮಾರ್ಮೂಲೆಯಲ್ಲಿ. ಅಲ್ಲಿ ರಸ್ತೆಗೆ ತಾಗಿಕೊಂಡೇ ನಫೀಸಳ ಮನೆ. ಬೆಳಗಾತ ಹೋಗುವಾಗ ಗೇಟು ಇನ್ನೂ ಮುಚ್ಚಿತ್ತು, ಬಚಾವಾಗಿದ್ದೆ. ನಫೀಸ ಕಾನ್ವೆಂಟಿನಲ್ಲಿ ನನ್ನ ಬೆಂಚಿನವಳು. ಐವತ್ತೈದು ವರ್ಷದಿಂದ ಅವಳ ಗೇಟಿನೆದುರು ಹಾದುಹೋಗುವಾಗ ಒಳಗೆ ಹೋಗದೆ ಮುಂದೆ ಹೋದವಳಲ್ಲ ನಾನು. ನಮ್ಮಲ್ಲಿ ಸಾಲ ಮರೆತರೂ ಕ್ಷಮೆ ಉಂಟು, ಗೇಟಿನೆದುರು ಮುಖ ತಿರುಗಿಸಿ ಹೋದವರಿಗೆ ಇಲ್ಲ. ಅವಳು ಗೇಟಿನ ಹೊರಗೇ ಕುರ್ಚಿ ಹಾಕಿಸಿ, ಸ್ಟೂಲಿನ ಮೇಲೆ ಚಹಾದ ಫ್ಲಾಸ್ಕು, ಬಿಸಿ ಅಕ್ಕಿರೊಟ್ಟಿ, ಅವರ ಮಾತಿನಲ್ಲಿ ಪತ್ತಿರ್, ಮೀನು ತಿನ್ನದ ನನಗೆಂದೇ ಬೇರೆ ಮಾಡಿದ ಕಡಲೆ ಗಸಿ, ಎಲ್ಲ ಜೋಡಿಸಿಟ್ಟು ಕಾಯುತ್ತಿದ್ದಳು. ನಾನು ನಿಂತಲ್ಲೇ ಕಾಲು ಕುಣಿಸುತ್ತ, ಇನ್ನು ಎರಡೇ ಕಿಲೋಮೀಟರ್, ಸಂಜೆ ಬರುತ್ತೇನೆ ಎಂದೆ.

"ಬೆಳಿಗ್ಗೆ ನಾಲ್ಕಕ್ಕೆ ಎದ್ದು ಅಕ್ಕಿ ಕಡೆದದ್ದು ಮಾರಾಯ್ತಿ. ನೀನು ಸಂಜೆ ಬಂದ್ರೆ ಎಂತ ಕೊಡ್ಲಿ, ತಂಗಳಾ?"

ಕೂತೆ. ಕೂರದೆ ಎಲ್ಲಿಗೆ ಹೋಗಲಿ? ಒಂದು ಪತ್ತಿರ್ ಎಂದು ಕೂತವಳು ಎರಡು ತಿಂದೆ. ಅವಳ ಮಗಳ ಬಾಣಂತನ, ನನ್ನ ಮಂಡಿನೋವು, ಅವಳ ಸಕ್ಕರೆ ಕಾಯಿಲೆ, ಎಲ್ಲ ಮಾತಾಡಿದೆವು. ಲೋಟ ಕೆಳಗಿಡುವಾಗ ತಿರುವಿನಲ್ಲಿ ಬಿಳಿ ವ್ಯಾನು ಕಾಣಿಸಿತು. ನನ್ನ ಮುಖ ಹೇಗಾಯಿತೋ ಕಾಣೆ, ಎಂತಾಯ್ತು ಎಂದು ನಫೀಸ ಗಾಬರಿಯಾದಳು. ಅದು ನನ್ನನ್ನು ದಾಟಿದರೆ ಎಲ್ಲ ಮುಗಿಯಿತು ಎಂದಾಗ ನನ್ನ ಸ್ವರ ಒಡೆಯಿತು. ಪತ್ತಿರ್ ತಿಂದ ಬಾಯಿಂದ ಅಳುವುದು ಎಂಥ ನಾಚಿಕೆಗೇಡು!

ನಫೀಸ ಒಂದು ಕ್ಷಣ ನನ್ನನ್ನೇ ನೋಡಿದಳು. ಶಾಮಿಯಾನದ ಕೆಳಗೆ ನಾನು ಹೆಸರು ಬರೆದ ದಿನ ಪಕ್ಕದಲ್ಲಿ ಕೂತು ಪೆನ್ಸಿಲ್ ಚೂಪು ಮಾಡಿಕೊಟ್ಟವಳು ಅವಳು.

"ನೀನು ಹೋಗು," ಎಂದಳು. ಶಾಲು ಸರಿಮಾಡಿಕೊಂಡು ರಸ್ತೆಗಿಳಿದು, ವ್ಯಾನಿಗೆ ಅಡ್ಡ ಕೈ ಚಾಚಿ ನಿಂತಳು.

ನಾನು ಓಡಿದೆ. ಹಿಂದಿನಿಂದ ಅವಳ ಸ್ವರ ಮಾತ್ರ ಕೇಳುತ್ತಿತ್ತು: ಬೆಳಗಾತ ಹೊರಟವರು ನೀವು, ಮನೆಯೆದುರು ಬಂದು ಒಂದು ತೊಟ್ಟು ಚಹಾ ಕುಡಿಯದೆ ಹೋಗುವುದು ಎಲ್ಲಿಯ ಕ್ರಮ? ಡ್ರೈವರು ಡ್ಯೂಟಿ ಎಂದಿರಬೇಕು. ನರ್ಸು ಬೇಡ ಎಂದಿರಬೇಕು. ಆದರೆ ಅವರೂ ಈ ಊರಿನವರೇ ತಾನೇ? ತಿರುಗಿ ನೋಡಿದಾಗ ಇಬ್ಬರ ಕೈಯಲ್ಲೂ ತಟ್ಟೆ ಇತ್ತು.

ನಾನು ಮುಟ್ಟುವಾಗ ಫಿನಿಶ್ ಕಮಾನಿನ ಒಂದು ಕಂಬವನ್ನು ಆಗಲೇ ಕಿತ್ತಿದ್ದರು. ಪ್ಲೀಸ್, ಒಂದು ನಿಮಿಷ ಎಂದೆ. ಕಿತ್ತ ಕಂಬವನ್ನು ಇಬ್ಬರು ಕೈಯಲ್ಲೇ ಎತ್ತಿ ಹಿಡಿದರು. ನಾನು ಅದರಡಿ ದಾಟಿದೆ. ಎಲ್ಲರಿಗಿಂತ ಕೊನೆಯವಳು. ಮೆಡಲ್ ಕೊರಳಿಗೆ ಬಿದ್ದಾಗ, ಅಲ್ಲಿದ್ದ ಐದಾರು ಜನರ ಚಪ್ಪಾಳೆಗೆ ತಲೆ ಬಾಗಿಸಿ ನಮಸ್ಕಾರವನ್ನೂ ಮಾಡಿದೆ, ಏನೂ ಗೊತ್ತಿಲ್ಲದವಳ ಹಾಗೆ.

ಅಷ್ಟರಲ್ಲಿ ವ್ಯಾನು ಬಂತು. ಮುಂದಿನ ಸೀಟಿನಲ್ಲಿ ಮಡಿಲಿಗೆ ಫ್ಲಾಸ್ಕು ಇಟ್ಟುಕೊಂಡು ನಫೀಸ. ನನ್ನ ಮಂಡಿ ಆಗಲೇ ಕೈಕೊಟ್ಟಿತ್ತು. ಬೆಳಗ್ಗಿನಿಂದ ಯಾವುದಕ್ಕೆ ಹೆದರಿ ಓಡಿದೆನೋ ಅದೇ ವ್ಯಾನಿಗೆ ನರ್ಸು ನನ್ನನ್ನು ಹಿಡಿದೆತ್ತಿ ಹತ್ತಿಸಿದಳು. ನಫೀಸ ತಿರುಗಿ ಮೆಡಲನ್ನು ಬೆರಳಲ್ಲಿ ಮುಟ್ಟಿ, ಭಾರ ಉಂಟಲ್ಲ ಎಂದಳು. ಇದರಲ್ಲಿ ಅರ್ಧವಾದರೂ ಇವಳದ್ದು, ತೆಗೆದು ಇವಳ ಕೊರಳಿಗೆ ಹಾಕಬೇಕು ಎಂದು ನಾನು ಮನಸ್ಸಿನಲ್ಲಿ ನಿಜವಾಗಿಯೂ ಯೋಚಿಸಿದೆ. ಮನೆ ಮುಟ್ಟುವ ತನಕ ಅದನ್ನೇ ಯೋಚಿಸುತ್ತ, ಎರಡೂ ಕೈಯಿಂದ ಮೆಡಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.