ದೋಣಿ ತಳದಲ್ಲಿ ಕಂಡ ಯಜಮಾನರು

ಚಾಮರಾಜನಗರದಲ್ಲಿ ನನ್ನದೊಂದು ಫೈಬರ್ ರಿಪೇರಿ ಅಂಗಡಿ. ಸೀಳಿದ ನೀರಿನ ಟ್ಯಾಂಕು, ಮುರಿದ ಬಂಪರು, ಇಂಥವಕ್ಕೆ ತೇಪೆ ಹಾಕುವುದು ಕೆಲಸ. ತೇಪೆ ನನ್ನ ಕೈಯಲ್ಲಿದೆ, ಆಮೇಲೆ ಜನ ಅದನ್ನು ಏನು ಮಾಡುತ್ತಾರೋ ಅದು ನನ್ನ ಕೈಯಲ್ಲಿಲ್ಲ. ವರ್ಷಕ್ಕೊಂದಾದರೂ ಅವರ ಎಡವಟ್ಟು ನನಗೇ ಗಂಟುಬೀಳುತ್ತದೆ. ಗುಂಡ್ಲುಪೇಟೆ ಕಡೆಯ ಕೆರೆಯೊಂದರ ಈ ದೋಣಿ ಮಾತ್ರ, ನಗಬೇಕೋ ನಡುಗಬೇಕೋ ತಿಳಿಯದ ಹಾಗೆ ಮಾಡಿಬಿಟ್ಟಿತು.

೧. ಇದ್ದದ್ದು ಒಂದೇ ಟಾರ್ಪಾಲು

ದೋಣಿ ಚಿಕ್ಕದು, ಇಬ್ಬರು ಕೂರುವಷ್ಟು. ಮೀನು ಹಿಡಿಯುವ ಗಂಡಹೆಂಡತಿಯದು. ಒಂದು ದಿನ ನಡುಕೆರೆಯಲ್ಲಿ ತಳ ಬಿರಿದು ನೀರು ನುಗ್ಗಿತು. ಹೆಂಡತಿಗೆ ಈಜು ಬರುವುದಿಲ್ಲ. ಗಂಡ ಅವಳ ಜಡೆ ಹಿಡಿದು ದಡಕ್ಕೆ ಎಳೆದು ತಂದನಂತೆ. ಜಡೆ ಉದ್ದ ಇದ್ದದ್ದು ಪುಣ್ಯ.

ನಾನು ಹೋಗಿ ಬಿರುಕಿನ ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ಎಪಾಕ್ಸಿ ಅಂಟು ಬಳಿದು, ಮೊರದಗಲದ ತೇಪೆ ಹಾಕಿಕೊಟ್ಟೆ. "ನೋಡಪ್ಪ, ಈ ಅಂಟು ನೀರಿಗೆ ಜಗ್ಗಲ್ಲ, ಬಿಸಿಲಿಗೆ ಸಾಯ್ತದೆ. ವಾರ ಬಿಟ್ಟು ಮೇಲೆ ಪೇಂಟ್ ಹೊಡಿ. ಅಲ್ಲೀವರೆಗೂ ಟಾರ್ಪಾಲು ತೆಗೀಬೇಡ" ಎಂದು ಮೂರು ಸಲ ಹೇಳಿದೆ. ಮೂರು ಸಲವೂ ತಲೆಯಾಡಿಸಿದ.

ಎರಡು ತಿಂಗಳ ಮೇಲೆ ಆ ದಾರಿಯಲ್ಲಿ ಹೋಗುತ್ತೇನೆ, ದೋಣಿ ಬೋರಲು ಬಿದ್ದು ಬಿಸಿಲು ಕಾಯಿಸುತ್ತಿದೆ. ಟಾರ್ಪಾಲು ಹತ್ತು ಹೆಜ್ಜೆ ಆಚೆ. ಅದರ ತುಂಬ ಬೇಯಿಸಿದ ಅರಿಸಿನ ಹರವಿದೆ. ಮೈಯೆಲ್ಲ ಉರಿದು ದೋಣಿಯವನನ್ನು ಕೂಗಿದೆ.

"ಏನ್ಲಾ ಇದು?"

"ಅರಿಸ್ನಾನ ಮಣ್ಣಲ್ಲಿ ಒಣಗಾಕಾಯ್ತದಾ? ಟಾರ್ಪಾಲು ಇರೋದು ಒಂದೇ ಕಣಣ್ಣ. ದೋಣಿ ಏನು, ಬೂಸ್ಟು ಹಿಡ್ದದಾ?"

೨. ತಾನೇ ಬಂದ ವಿಭೂತಿ

ಮಾರನೆಯ ದಿನ ನಾನೇ ಪೇಂಟ್ ಡಬ್ಬಿ ತಗೊಂಡು ಹೊರಟೆ. ಮಟಮಟ ಮಧ್ಯಾಹ್ನ. ಕೆರೆಯ ಹತ್ತಿರ ಒಂದು ನರಪಿಳ್ಳೆಯೂ ಇಲ್ಲ, ಕೊಕ್ಕರೆ ಕೂಡ ಇಲ್ಲ. ತೇಪೆಯ ಮೇಲೆ ಬೆಳ್ಳಗೆ ಪುಡಿ ಎದ್ದಿತ್ತು. ಬಿಸಿಲು ತಿಂದ ಎಪಾಕ್ಸಿ ಹಾಗೇ ಪುಡಿ ಬಿಡುತ್ತದೆ, ಅದು ಹೊಸದಲ್ಲ. ಆದರೆ ಆ ಪುಡಿಯ ತುಂಬ ಬೆರಳಿನ ಗೆರೆಗಳು. ಎಲ್ಲಿ ನೋಡಿದರೂ ಮೂರು ಬೆರಳು, ಮೂರು ಬೆರಳು. ನನ್ನ ತೋಳಿನ ಕೂದಲು ನೆಟ್ಟಗೆ ನಿಂತವು.

ಆಗ ದೋಣಿಯ ಹಿಂದಿನಿಂದ ಒಂದು ತಲೆ ಎದ್ದಿತು. ಹಣೆಯ ಮೇಲೆ ಮೂರು ದಪ್ಪ ಪಟ್ಟೆ. ನಾನು ಡಬ್ಬಿ ಕೈಬಿಟ್ಟೆ. ನೋಡಿದರೆ ದೋಣಿಯವನ ತಾಯಿ.

"ತನ್ನಷ್ಟಕ್ಕೆ ತಾನೇ ಬತ್ತದೆ ಕಣಪ್ಪ. ಇವತ್ತು ಬಳ್ಕಂಡ್ರೆ ನಾಳಿಕ್ಕೆ ಮತ್ತೆ ಇರ್ತದೆ. ಶಿವ ಕಣ್ ಬುಟ್ಟವ್ನೆ."

"ಅವ್ವ, ಅದು ವಿಭೂತಿ ಅಲ್ಲ, ಬಿಸಿಲಿಗೆ ಸತ್ತಿರೋ ಗಮ್ಮು. ಹಚ್ಕೊಂಡ್ರೆ ಉರಿ ಬರ್ತದೆ."

ಮುದುಕಿ ಹಣೆ ಮುಟ್ಟಿ ನೋಡಿಕೊಂಡಳು. "ಅದ್ಕೇ ಅನ್ನು. ವಾರದಿಂದ ಉರೀತಾ ಅದೆ. ಮೂರ್ನೇ ಕಣ್ಣು ಬುಡ್ತಾ ಅದೆ ಅನ್ಕಂಡಿದ್ದೆ!"

೩. ಸೊಸೆ ಕೂರಲ್ಲ

ಒದ್ದೆ ಬಟ್ಟೆಯಿಂದ ಪುಡಿ ಒರೆಸಿದೆ. ಪುಡಿಯ ಅಡಿಯಲ್ಲಿ ತೇಪೆ ಹಳದಿ ತಿರುಗಿತ್ತು, ಎಲ್ಲ ಕಡೆ ಒಂದೇ ಸಮ ಅಲ್ಲ. ಎರಡು ಕಡೆ ಕಣ್ಣಿನ ಹಾಗೆ ಕಂದು ಗುಂಡಗೆ, ನಡುವೆ ಉದ್ದಕ್ಕೆ ಒಂದು ನಾರು, ಕೆಳಗೆ ಕಪ್ಪು ಮೋಡ. ಮುದುಕಿ ಥಟ್ಟನೆ ತಲೆ ಮೇಲೆ ಸೆರಗು ಎಳೆದುಕೊಂಡಳು.

"ಬಂದ್ರಾ?" ಎಂದಳು. ಕೇಳಿದ್ದು ನನ್ನನ್ನಲ್ಲ.

ಅವಳ ಯಜಮಾನರು ತೀರಿಕೊಂಡು ಮೂರು ವರ್ಷ. ಅವಳ ದನಿ ಕೇಳಿ ಮನೆಯಿಂದ ಓಡಿಬಂದ ಮಗ ನೋಡಿದವನೇ, "ಅಪ್ಪಯ್ಯನೇ ಕಣಣ್ಣ, ಅದೇ ಗಡ್ಡ" ಎಂದ. ನಾನು ನಗಬೇಕೆಂದು ಬಾಯಿ ತೆರೆದೆ. ಎಡಕ್ಕೆ ಎರಡು ಹೆಜ್ಜೆ ಇಟ್ಟೆ, ಆ ಕಣ್ಣು ನನ್ನನ್ನೇ ನೋಡುತ್ತಿತ್ತು. ಬಲಕ್ಕೆ ಬಂದೆ, ಅಲ್ಲೂ ನೋಡುತ್ತಿತ್ತು. ತೆರೆದ ಬಾಯಿ ಮುಚ್ಚಿಕೊಂಡೆ.

"ಅವ್ರ ಮ್ಯಾಲೆ ಬಣ್ಣ ಬಳುದ್ರೆ ನನ್ ಮ್ಯಾಲಾಣೆ" ಎಂದಳು ಮುದುಕಿ. ತೇಪೆಯ ಅಂಚಿಗೆ ಉಗುರು ಒತ್ತಿ ನೋಡಿದೆ, ಪುಡಿಪುಡಿಯಾಗಿ ಎದ್ದು ಬಂತು. ಹೀಗೇ ನೀರಿಗಿಳಿಸಿದರೆ ತಳ ಮತ್ತೆ ಬಾಯಿಬಿಡುವುದು ಖಂಡಿತ. ಸೊಸೆಯ ಗತಿ?

ಸೊಸೆಯ ಚಿಂತೆಯೇ ಬೇರೆ. ಹಿಂದೆಯೇ ಬಂದಿದ್ದ ಅವಳು ದೂರದಲ್ಲೇ ನಿಂತು ಗಂಡನಿಗೆ ಹೇಳಿದಳು: "ಮುಳುಗುದ್ರೆ ಮುಳುಗ್ಲಿ. ಮಾವಯ್ಯನ್ ಮುಖದ್ ಮ್ಯಾಲೆ ಮಾತ್ರ ನಾ ಕುಂತ್ಕಳಾಕಿಲ್ಲ!"

೪. ಚೌರ

ಕಡೆಗೆ ನಾನೇ ಮುದುಕಿಯ ಪಕ್ಕ ಕೂತು ಹೇಳಿದೆ. "ಅವ್ವ, ಅವತ್ತು ಸೊಸೆ ಜಡೆ ಕೈಗೆ ಸಿಕ್ತು. ಇನ್ನೊಂದ್ಸಲ ಸಿಗದಿದ್ರೆ?"

ಅವಳು ತೇಪೆಯ ಮೇಲೆ ಕೈಯಾಡಿಸಿದಳು. ಆಮೇಲೆ ಮೆಲ್ಲಗೆ, "ಬಳುದ್ರೆ ಅವ್ರಿಗೆ ಉಸುರು ಕಟ್ಟಾಕಿಲ್ವಾ?" ಎಂದಳು. "ಇಲ್ಲವ್ವ, ಈಗ ಬಿಸಿಲಲ್ಲಿ ಬೇಯ್ತಾವ್ರೆ. ಬಳುದ್ರೆ ನೆಳ್ಳು" ಎಂದೆ. ದೆವ್ವ ಭೂತ ಅಂದರೆ ಉಗಿದು ಕಳಿಸುವ ನಾನು ಆಡಿದ ಮಾತು ಇದು.

ಒಪ್ಪಿದಳು. ಸೋಪು ನೀರಿನಲ್ಲಿ ತೊಳೆದು ಮರಳುಕಾಗದ ಕೈಗೆತ್ತಿಕೊಂಡೆ. ಅವಳು ಆ ಮುಖದ ತಲೆಯ ಕಡೆ ಬಂದು ಕೂತಳು.

"ಚೌರನಾ? ಮೆತ್ತಗೆ ಮಾಡಪ್ಪ. ಗದ್ದದ್ ತಾವು ಅವ್ರಿಗೆ ಕಚಗುಳಿ."

ಗದ್ದದ ಹತ್ತಿರ ಉಜ್ಜಿದೆ ನೋಡಿ, ದೋಣಿ ಗಡಗಡ ಅಲುಗಿತು. ಗಾಳಿ ಇಲ್ಲ. ನನ್ನದು ಬಿಟ್ಟರೆ ಯಾರ ಕೈಯೂ ತಾಕಿಲ್ಲ. ನಾನು ಮರಳುಕಾಗದ ಎಸೆದು ಎದ್ದು ನಿಂತೆ. ಮುದುಕಿ ಮಾತ್ರ ನಕ್ಕಳು. "ಕಚಗುಳಿ ಅಂತ ಏಳ್ನಿಲ್ವಾ ನಾನು?"

ಮುಖ ಹೋಯಿತು. ಸವೆದಲ್ಲಿ ಹೊಸ ಪದರ ಕೊಟ್ಟೆ. ಮುಂದಿನ ವಾರ ಹೋಗಿ ಎರಡು ಕೋಟು ಪೇಂಟ್ ಹೊಡೆದೆ, ಇವತ್ತಿನವರೆಗೂ ಆ ದೋಣಿ ಒಂದು ಹನಿ ನೀರು ಕುಡಿದಿಲ್ಲ. ಸೊಸೆ ಕಾಲು ಚಾಚಿ ಕೂರುತ್ತಾಳೆ. ಆದರೆ ಚೌರದ ದಿನದ್ದು ಇನ್ನೂ ಸ್ವಲ್ಪ ಇದೆ.

ಸ್ಕೂಟರ್ ಹತ್ತುವಾಗ ಮುದುಕಿ ತಡೆದಳು. ಹುಬ್ಬಿನಿಂದ ಚಪ್ಪಲಿಯವರೆಗೆ ನಾನು ಉಜ್ಜಿದ ತೇಪೆಯ ಧೂಳಿನಲ್ಲಿ ಬೆಳ್ಳಗಾಗಿದ್ದೆ.

"ಕೆರೇಲಿ ಮುಳುಗ್ಬುಟ್ಟು ಓಗಪ್ಪ. ಇಂಗೇ ಓದ್ರೆ ಅವ್ರೂ ನಿನ್ ಜೊತೇಲೆ ಬಂದ್ಬುಡ್ತಾರೆ. ಬೆಳ್ಗೆ ಎದ್ದೇಟ್ಗೆ ಕಾಪಿ ಕೊಡ್ನಿಲ್ಲ ಅಂದ್ರೆ ಮನೆ ಎಗರ್ಸಾಕ್ತಾರೆ."

ನಾನು ಇದನ್ನೆಲ್ಲ ನಂಬುವವನೇ ಅಲ್ಲ. ಆದರೂ ಮೂರು ಮುಳುಗು ಹಾಕಿ, ಷರಟು ಅಲ್ಲೇ ದಡದಲ್ಲಿ ಬಿಟ್ಟು, ಒದ್ದೆ ಬನಿಯನ್ನಿನಲ್ಲಿ ಮನೆಗೆ ಬಂದೆ. ಮಾರನೆಯ ಬೆಳಿಗ್ಗೆ ಎದ್ದ ಕೂಡಲೇ ಹೆಂಡತಿಗೆ ಹೇಳಿದೆ:

"ಇವತ್ತು ಒಂದು ಲೋಟ ಕಾಫಿ ಜಾಸ್ತಿ ಇಡು. ಯಾರಿಗೆ ಅಂತ ಮಾತ್ರ ಕೇಳ್ಬೇಡ."