ಗುಟ್ಟು ಮಾತಾಡಲು ತಂದ ಕಾರ್ಡ್‌ಲೆಸ್

ಸಾಮಾನು ಕೊಳ್ಳುವ ವಿಷಯದಲ್ಲಿ ನನಗೊಂದು ದೌರ್ಬಲ್ಯವಿದೆ. ಅಂಗಡಿಯವನು ‘ಇದು ಫಾರಿನ್ ಮಾಲು’ ಎಂದರೆ ಸಾಕು, ನನ್ನ ಬುದ್ಧಿ ಅಂಗಡಿಯ ಹೊರಗೇ ಚಪ್ಪಲಿಯ ಜೊತೆ ನಿಂತುಬಿಡುತ್ತದೆ. ಹಾಗೆ ಕೊಂಡ ಒಂದು ಛತ್ರಿ ಗುಂಡಿ ಒತ್ತಿದರೆ ಫಟ್ಟನೆ ಬಿಚ್ಚಿಕೊಳ್ಳುತ್ತಿತ್ತು, ಏನು ಮಾಡಿದರೂ ಮುಚ್ಚಿಕೊಳ್ಳುತ್ತಿರಲಿಲ್ಲ. ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಹಿಡಿದು ಬಸ್ಸಿನ ಬಾಗಿಲಲ್ಲಿ ಒದ್ದಾಡುತ್ತಿದ್ದಾಗ ಕಂಡಕ್ಟರ್, “ಸಾರ್, ಅದನ್ನ ಟಾಪಲ್ಲಿ ಕೂರಿಸಿ, ನೀವು ಒಳಗೆ ಬನ್ನಿ” ಎಂದಿದ್ದ. ಈಗ ಎಲ್ಲರ ಜೇಬಿಗೂ ಮೊಬೈಲು ಬಂದಿದೆ. ನಮ್ಮ ಮಾತನ್ನು ಯಾರಾದರೂ ಕದ್ದು ಕೇಳಿದರೆ ಏನು ಗತಿ ಎಂದು ಓದುಬರಹ ಬಲ್ಲವರು ಚಿಂತೆ ಮಾಡುತ್ತಾರೆ. ನಾನೂ ಅವರ ಜೊತೆ ತಲೆಯಾಡಿಸುತ್ತೇನೆ. ಆದರೆ ಪೂರ್ತಿ ಮನಸ್ಸಿನಿಂದ ಹೆದರಲು ನನಗೆ ಆಗುವುದಿಲ್ಲ. ಅದಕ್ಕೆ ಕಾರಣ ತೊಂಬತ್ತರ ದಶಕದಲ್ಲಿ ನಾನು ತಂದ ಒಂದು ಕಾರ್ಡ್‌ಲೆಸ್ ಫೋನು.

ಜಾವಳಿಯ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಎಸ್ಟೇಟ್ ಎಂದರೆ ನಿಜವಾದ ಎಸ್ಟೇಟಿನವರು ನಗುತ್ತಾರೆ. ವರ್ಷಗಟ್ಟಲೆ ಕಾದ ಮೇಲೆ ಮನೆಗೆ ಟೆಲಿಫೋನ್ ಬಂತು. ಅದು ಬಂದದ್ದು ನಮಗೆ ಎಂದು ನಾವು ತಿಳಿದದ್ದೇ ತಪ್ಪು. ಸುತ್ತಮುತ್ತಲಿನವರೆಲ್ಲ ತಮ್ಮ ನೆಂಟರಿಗೆ ನಮ್ಮ ನಂಬರನ್ನು ‘ಪಿ.ಪಿ. ನಂಬರ್’ ಎಂದು ಕೊಟ್ಟರು. ಪಿ.ಪಿ. ಎಂದರೆ ಫೋನು ನಮ್ಮದು, ಮಾತು ಅವರದು. ಅವರನ್ನು ಕೂಗಿ ಕರೆಯುವ ಗಂಟಲು ಮಾತ್ರ ನನ್ನದು. ಹಾಲಿನ ನಟ್ಟನಡುವೆ ಫೋನು, ಅದರ ಪಕ್ಕದ ಕುರ್ಚಿಯಲ್ಲಿ ಅಮ್ಮ, ಬೆಂಚಿನ ಮೇಲೆ ಟ್ರಂಕ್ ಕಾಲಿಗೆ ಕಾದವರು. ಅಲ್ಲಿ ಯಾರಿಗೂ ಕೇಳದಂತೆ ಒಂದು ಮಾತಾಡಬೇಕೆಂದರೆ ಕಣ್ಸನ್ನೆಯಲ್ಲೇ ಆಗಬೇಕಿತ್ತು. ಟೆಲಿಫೋನಿನಲ್ಲಿ ಕಣ್ಸನ್ನೆ ನಡೆಯುವುದಿಲ್ಲವಲ್ಲ.

ನಮಗೋ ಆಗ ಒಂದು ಗುಟ್ಟಿತ್ತು. ನನ್ನ ಹೆಂಡತಿ ಸುಮ ಬಸುರಿ. ಹಿಂದೆ ಎರಡು ಸಲ ಬಸಿರು ನಿಲ್ಲದೆ ಹೋಗಿ, ಸಮಾಧಾನ ಹೇಳಲು ಬಂದವರ ಮಾತಿನಿಂದಲೇ ಅವಳು ಹೆಚ್ಚು ಸೋತಿದ್ದಳು. ಈ ಸಲ ಎಲ್ಲ ಗಟ್ಟಿಯಾಗುವ ತನಕ ಅಮ್ಮನಿಗೂ ಹೇಳುವುದು ಬೇಡ ಎಂದಳು. ಚಿಕ್ಕಮಗಳೂರಿನಲ್ಲಿ ನರ್ಸ್ ಆಗಿದ್ದ ಅವಳ ಅಕ್ಕ ಭಾರತಿಗೆ ಮಾತ್ರ ವಿಷಯ ಗೊತ್ತು. ದಿನಾ ಅವಳ ಹತ್ತಿರ ಮಾತಾಡಬೇಕು, ಯಾರಿಗೂ ಕೇಳಬಾರದು. ನಾನು ಮಂಗಳೂರಿಗೆ ಹೋಗಿ, ಫಾರಿನ್ ಸಾಮಾನಿನ ಒಂದು ಅಂಗಡಿಯಲ್ಲಿ ಉದ್ದ ಏರಿಯಲ್ ಇದ್ದ ಕಾರ್ಡ್‌ಲೆಸ್ ಫೋನು ತಂದೆ. “ಸಾರ್, ತೋಟದ ಆ ತುದಿಗೆ ಹೋದ್ರೂ ಕೇಳ್ತದೆ” ಎಂದ ಅಂಗಡಿಯವನು. ಆ ಮಾತು ಅಕ್ಷರಶಃ ನಿಜವಾಗಿತ್ತು. ಯಾರಿಗೆ ಕೇಳ್ತದೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮರುದಿನದಿಂದ ಸುಮ ಕಾಫಿ ಗಿಡಗಳ ನಡುವೆ ಓಡಾಡುತ್ತ ಅಕ್ಕನ ಜೊತೆ ಗುಟ್ಟು ಮಾತಾಡತೊಡಗಿದಳು. ಅವಳಾದ ಮೇಲೆ ನಾನು ಹಿಡಿದುಕೊಂಡು ಹಾಸನದ ನನ್ನ ಭಾವನ ಹತ್ತಿರ ಮನಸ್ಸಿನ ಭಾರ ಇಳಿಸುತ್ತಿದ್ದೆ. ನನ್ನ ಮನಸ್ಸಿನ ಭಾರವೆಂದರೆ ಪಕ್ಕದ ತೋಟದ ಮಲ್ಲೇಶಪ್ಪನವರು. ಗೋಣಿಬೀಡಿನಲ್ಲಿ ಅವರದು ಜವಳಿ ಅಂಗಡಿ, ನಮ್ಮ ಬೇಲಿಯಾಚೆ ದೊಡ್ಡ ತೋಟ. ಡಾಂಬರು ರಸ್ತೆಯಿಂದ ನಮ್ಮಿಬ್ಬರ ಮನೆಗೂ ಇರುವುದು ಒಂದೇ ಮಣ್ಣಿನ ದಾರಿ. ಅದು ಹಾಳಾದದ್ದು ಅವರ ಲಾರಿಯಿಂದ ಎಂದು ನಾನು, ನನ್ನ ಜೀಪಿನಿಂದ ಎಂದು ಅವರು. ಜಗಳ ಬೆಳೆದು ಮಾತು ಬಿಟ್ಟಿದ್ದೆವು. ದಾರಿಯ ಗುಂಡಿಗಳು ಮಾತ್ರ ಎರಡೂ ಮನೆಯವರನ್ನು ಭೇದವಿಲ್ಲದೆ ಎತ್ತಿ ಹಾಕುತ್ತಿದ್ದವು. “ಆ ಮನುಷ್ಯ ಎಂಥ ಜುಗ್ಗ ಗೊತ್ತಾ ಭಾವ? ಅವರ ಮನೇಲಿ ಕಾಫಿ ಕೊಟ್ರೆ ಲೋಟದ ತಳ ಕಾಣ್ತದೆ!” ಎಂದು ನಾನು ಹೇಳುವುದು, ಭಾವ ನಗುವುದು. ಫೋನಿನಲ್ಲಿ ಒಮ್ಮೊಮ್ಮೆ ಕೊರಕೊರ ಸದ್ದು ಬರುತ್ತಿತ್ತು, ನಡುವೆ ಒಂದು ಕೆಮ್ಮೂ ಕೇಳುತ್ತಿತ್ತು. ಭಾವನಿಗೆ ಶೀತವಾಗಿದೆ ಎಂದು ನಾನು, ನನಗೆ ಶೀತವಾಗಿದೆ ಎಂದು ಅವರು ತಿಳಿದು, ಒಬ್ಬರಿಗೊಬ್ಬರು ಕಷಾಯ ಹೇಳಿಕೊಡುತ್ತಿದ್ದೆವು.

ಒಂದು ದಿನ ಭಾರತಿ ಫೋನಿನಲ್ಲಿ ನನಗೆ ಕಟ್ಟುನಿಟ್ಟಾಗಿ ಹೇಳಿದಳು: “ಆ ಗುಂಡಿ ದಾರೀಲಿ ಜೀಪಲ್ಲಿ ಅವ್ಳನ್ನ ಕೂರಿಸ್ಕೊಂಡು ಓಡಾಡ್ಬೇಡಿ. ಕುಲುಕ್ಬಾರ್ದು.” ಆದರೆ ಮೂಡಿಗೆರೆ ಡಾಕ್ಟರ ಹತ್ತಿರ ತೋರಿಸಲು ಹೋಗಲೇಬೇಕಿತ್ತು, ಹೋಗಲು ಬೇರೆ ದಾರಿಯಿರಲಿಲ್ಲ. ನಾನೇ ಗುಂಡಿ ಮುಚ್ಚಿಸೋಣವೆಂದರೆ ಹಣ್ಣು ಕೊಯ್ಯುವ ಕಾಲ, ಬೇಡಿಕೊಂಡರೂ ಆಳು ಸಿಗದು. ಹೀಗೆ ತಲೆ ಕೆಡಿಸಿಕೊಂಡಿದ್ದಾಗ, ಒಂದು ಬೆಳಿಗ್ಗೆ ನೋಡುತ್ತೇನೆ, ಮಲ್ಲೇಶಪ್ಪನವರ ಮೇಸ್ತ್ರಿ ಆಳುಗಳನ್ನೆಲ್ಲ ಕಟ್ಟಿಕೊಂಡು ದಾರಿಗೆ ಜಲ್ಲಿ, ಮಣ್ಣು ತುಂಬಿಸುತ್ತಿದ್ದಾನೆ.

“ಏನಪ್ಪಾ ಇದು? ಕೊಯ್ಲು ಬಿಟ್ಟು?” ಎಂದೆ.

“ನಂಗೇನು ಗೊತ್ತು ಸಾರ್. ಹಣ್ಣು ಉದುರಿದ್ರೆ ಉದುರ್ಲಿ, ಮೊದ್ಲು ದಾರಿ ಮಾಡಿ ಅಂದ್ರು ಯಜಮಾನ್ರು.”

ಹಣ್ಣು ಉದುರಿದರೂ ಉದುರಲಿ ಎನ್ನುವ ಪ್ಲಾಂಟರನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ನನಗೆ ಒಂದೇ ಅರ್ಥ ಹೊಳೆಯಿತು: ಇವರು ದಾರಿಯನ್ನು ಹೊಡೆದುಕೊಳ್ಳಲು ಹೊರಟಿದ್ದಾರೆ! ಇವತ್ತು ಜಲ್ಲಿ, ನಾಳೆ ಗೇಟು, ನಾಡಿದ್ದು ಕೋರ್ಟು. ಸಂಜೆ ಕಾರ್ಡ್‌ಲೆಸ್ ಹಿಡಿದು ಭಾವನ ಮುಂದೆ ಮಲ್ಲೇಶಪ್ಪನವರ ಜನ್ಮ ಜಾಲಾಡಿದೆ. ಆ ದಿನ ಕೆಮ್ಮು ಸ್ವಲ್ಪ ಜೋರಾಗಿಯೇ ಇತ್ತು.

ಆಮೇಲೆ ಅವರ ಮನೆಯಿಂದ ಒಂದು ಜಾಡಿ ಅಪ್ಪೆಮಿಡಿ ಉಪ್ಪಿನಕಾಯಿ ಬಂತು. ಹಿಂದಿನ ದಿನವಷ್ಟೇ ಸುಮ ಅಕ್ಕನ ಹತ್ತಿರ ಅದನ್ನು ನೆನೆದರೆ ಬಾಯಲ್ಲಿ ನೀರೂರುತ್ತದೆ ಎಂದಿದ್ದಳು. ನನಗೆ ರೇಗಿತು. ಮನೆಯಲ್ಲಿ ಬಾಯಿ ಬಿಡುವವರು ಇನ್ನಾರು? ನೇರವಾಗಿ ಅಮ್ಮನ ಮುಂದೆ ನಿಂತು, “ಸುಮ ಬಸುರಿ ಅಂತ ಅವರಿಗೆ ಯಾಕಮ್ಮ ಹೇಳಿದೆ?” ಎಂದೆ. ಅಮ್ಮ ಹೂವು ಕಟ್ಟುತ್ತಿದ್ದ ಕೈ ನಿಲ್ಲಿಸಿ, “ನಾನು ಹೇಳೋದು ಹೇಗೆ? ನಂಗೇ ನೀವು ಹೇಳಿಲ್ವಲ್ಲ” ಎಂದರು. ಮತ್ತೆ ದಾರ ಹಿಡಿದು, “ಗೊತ್ತಿತ್ತು ಬಿಡು. ನೀವಾಗಿ ಹೇಳ್ಲಿ ಅಂತ ಕಾದಿದ್ದೆ” ಎಂದರು. ಅವರ ಕಣ್ಣು ತುಂಬಿತ್ತು. ಗುಟ್ಟು ಬಯಲು ಮಾಡಿದವರನ್ನು ಹುಡುಕಲು ಹೋಗಿ ನಾನೇ ಬಯಲು ಮಾಡಿ ಬಂದಿದ್ದೆ.

ಅದಾಗಿ ಕೆಲವು ದಿನಗಳ ಮೇಲೆ ಮಧ್ಯಾಹ್ನ ಸುಮಳಿಗೆ ಹೊಟ್ಟೆನೋವು ಬಂತು, ರಕ್ತ ಕಾಣಿಸಿತು. ಹಿಂದಿನ ಎರಡು ಸಲವೂ ಹೀಗೇ ಶುರುವಾಗಿತ್ತು. ಕಾರ್ಡ್‌ಲೆಸ್ ಹಿಡಿದು ಭಾರತಿಗೆ ಫೋನು ಮಾಡಿದೆ. “ಮಲಗಿಸ್ಕೊಂಡು ಈಗ್ಲೇ ಮೂಡಿಗೆರೆಗೆ ಹೋಗಿ, ನಾನೂ ಅಲ್ಲಿಗೇ ಬರ್ತೀನಿ” ಎಂದಳು. ಫೋನಿಟ್ಟು ಹೊರಗೆ ಓಡಿದರೆ ನಮ್ಮ ಜೀಪು ಎಂದಿನಂತೆ ಮುನಿಸಿಕೊಂಡಿತ್ತು. ನಾನು ಅದನ್ನು ಬೇಡಿಕೊಳ್ಳುತ್ತಿರುವಾಗಲೇ ಮಲ್ಲೇಶಪ್ಪನವರ ಕಾರು ಅಂಗಳಕ್ಕೆ ಬಂದು ನಿಂತಿತು. ಹಿಂದಿನ ಸೀಟಿಗೆ ಹಾಸಿಗೆ ಹಾಸಿತ್ತು.

“ಜೀಪು ಬಿಡಿ ಮಾರಾಯ್ರೆ. ಮಗೂನ ನಿಧಾನ ಎತ್ಕೊಂಡ್ ಬನ್ನಿ” ಎಂದರು. ಮಗು ಎಂದದ್ದು ಸುಮಳನ್ನು.

ಆ ದಾರಿಯಲ್ಲಿ ಕಾರು ಎಲ್ಲೂ ಕುಲುಕಲಿಲ್ಲ. ಅವರು ಸ್ಟೇರಿಂಗನ್ನು ತುಂಬಿದ ಹಾಲಿನ ಪಾತ್ರೆಯಂತೆ ಹಿಡಿದಿದ್ದರು. ನಾನು ಹಿಂದೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಇಂಜೆಕ್ಷನ್ ಕೊಟ್ಟು, “ಗಾಬರಿ ಬೇಡ, ಮಗು ಉಳ್ಕೊಂಡಿದೆ. ಕುಲುಕಾಡಿಸ್ಕೊಂಡು ತಂದಿದ್ರೆ ಹೇಳೋಕಾಗ್ತಿರ್ಲಿಲ್ಲ” ಎಂದಾಗ ನಾನು ವರಾಂಡದ ಬೆಂಚಿನಲ್ಲಿ ಕುಸಿದು ಕೂತು ಮಕ್ಕಳಂತೆ ಅತ್ತೆ. ಮಲ್ಲೇಶಪ್ಪನವರು ನನ್ನ ಬೆನ್ನು ಸವರಲು ಕೈಯೆತ್ತಿದರು. ಆಗ ಕಂಡಿತು, ಅವರ ಇನ್ನೊಂದು ಕೈಯಲ್ಲಿ ನನ್ನ ಕಾರ್ಡ್‌ಲೆಸ್ ಇತ್ತು! ಅದೇ ಬಣ್ಣ, ಅದೇ ಉದ್ದ ಏರಿಯಲ್.

“ಇದು ನಂದಲ್ವಾ?”

“ಇಲ್ಲ, ನಂದು. ಅವಸರಕ್ಕೆ ಕೈಯಲ್ಲೇ ಬಂದ್ಬಿಡ್ತು. ನೀವು ತಂದ ಅಂಗಡೀಲೇ ನಾನೂ ತಂದಿದ್ದು. ಒಂದೇ ನಮೂನೆ ಸೆಟ್ಟು. ಇದನ್ನ ಒತ್ತಿದ್ರೆ ನಿಮ್ಮ ಮನೆ ಮಾತೆಲ್ಲ ಕೇಳ್ತದೆ.”

ನನ್ನ ಕಣ್ಣೀರು ಹಾಗೇ ನಿಂತಿತು. ಜುಗ್ಗತನ, ಲೋಟದ ತಳ, ಜನ್ಮ ಜಾಲಾಡಿದ್ದು ಎಲ್ಲ ಸಾಲಾಗಿ ನೆನಪಾದವು. “ಎಲ್ಲಾನೂ?” ಎಂದೆ.

“ಎಲ್ಲಾನೂ” ಎಂದರು ಮಲ್ಲೇಶಪ್ಪನವರು. “ಬೈದಿದ್ದಕ್ಕೆ ಬೇಜಾರಿಲ್ಲ. ಕಾಫಿಗೆ ಅಂದಿದ್ದು ನಮ್ಮನೆಯವ್ರಿಗೆ ಸ್ವಲ್ಪ ನೋವಾಯ್ತು.”

“ಕೇಳ್ತದೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನೀವು ಮಾತಾಡೋದು ನಿಲ್ಲಿಸ್ತಿದ್ರಿ. ನಮ್ಮಿಬ್ಬರ ಮಧ್ಯೆ ಮಾತಿಲ್ಲ. ಆಮೇಲೆ ಆ ಹುಡುಗಿ ಹೇಗಿದಾಳೆ ಅಂತ ನಮಗೆ ಯಾರು ಹೇಳೋರು?”

ದಿನ ತುಂಬಿ ಮಗಳು ಸುಖವಾಗಿ ಹುಟ್ಟಿದಳು, ಈಗ ಹೈಸ್ಕೂಲಿಗೆ ಹೋಗುತ್ತಾಳೆ. ಅವಳನ್ನು ನೋಡಿದಾಗಲೆಲ್ಲ, ಕದ್ದು ಕೇಳಿದ ಆ ಕಿವಿಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಫೋನನ್ನು ಬದಲಾಯಿಸೋಣವೇ ಎಂದು ಸುಮಳನ್ನು ಕೇಳಿದ್ದೆ. ಬೇಡ ಎಂದಳು. ಅವಳು ಬಾಣಂತನ ಮುಗಿಸಿ ಬಂದ ಮೇಲೆ ಒಂದು ಸಂಜೆ ಭಾವನಿಗೆ ಫೋನು ಮಾಡಿ, ಮಲ್ಲೇಶಪ್ಪನವರಂಥ ಮನುಷ್ಯ ಈ ಸೀಮೆಯಲ್ಲಿಲ್ಲ, ಅವರ ಮನೆ ಕಾಫಿಯ ರುಚಿ ಬೇರೆಲ್ಲೂ ಸಿಗದು ಎಂದು ನಿಧಾನವಾಗಿ, ಒಂದೊಂದು ಮಾತನ್ನೂ ಬಿಡಿಸಿ ಹೊಗಳಿದೆ. ಮಾತು ಮುಗಿದ ಮೇಲೆ ಸುಮ ನಗುತ್ತ, “ಅವ್ರು ಕೇಳ್ತಿರ್ತಾರೆ ಅಂತ ತಾನೇ ಇಷ್ಟು ಹೊಗಳಿದ್ದು? ಅವರ ಮನೆ ಕಾಫಿ ನಿಜವಾಗ್ಲೂ ಚೆನ್ನಾಗಿರ್ತದಾ?” ಎಂದಳು.

“ಛೆ, ಮನುಷ್ಯ ಒಳ್ಳೆಯವ್ರು ಅಂದದ್ದು ಸತ್ಯ. ಕಾಫಿ ಮಾತ್ರ ದೇವ್ರೇ ಗತಿ” ಎಂದೆ. ಆಮೇಲೆ ನೋಡಿಕೊಂಡರೆ, ಫೋನು ಇನ್ನೂ ಕೈಯಲ್ಲೇ ಇತ್ತು, ಗುಂಡಿ ಒತ್ತಿ ಆರಿಸಿರಲಿಲ್ಲ.